ನೆಲೆ ತಪ್ಪಿದ ಶಿಲೆ

ನಮ್ಮ ನಾಡಿನಲ್ಲಿ ಓದಿದವರೂ ಓದದವರೂ, ಆಳುವವರೂ ಆಳಿಸಿಕೊಳ್ಳುವವರೂ ಭೇದವಿಲ್ಲದೆ ಒಪ್ಪಿಕೊಂಡು ಬಂದಿರುವ ಒಂದು ಅಭಿಪ್ರಾಯವುಂಟು. ಕಲ್ಲಿಗೆ ಬೆಲೆ ಬರುವುದು ಅದನ್ನು ನೆಲದಿಂದ ಕಿತ್ತ ಮೇಲೆ. ಶಿಲ್ಪಿಯ ಕೈಗೆ ಸಿಕ್ಕರೆ ಅದು ವಿಗ್ರಹ, ಕಂಟ್ರಾಕ್ಟರನ ಕೈಗೆ ಸಿಕ್ಕರೆ ಜಲ್ಲಿ, ಕಾರ್ಖಾನೆಗೆ ಹೋದರೆ ಅದಿರು, ಹಡಗು ಹತ್ತಿದರೆ ವಿದೇಶೀ ವಿನಿಮಯ. ಆದರೆ ಹುಟ್ಟಿದ ಸ್ಥಳದಲ್ಲಿ ಹುಟ್ಟಿದಂತೆಯೇ ಬಿದ್ದಿರುವ ಬಂಡೆ ಬರಿಯ ಬಂಡೆ. ಈ ಅಭಿಪ್ರಾಯ ಜನರ ಬಾಯಿಂದ ಸರ್ಕಾರದ ಕಡತಕ್ಕೂ ಇಳಿದಿದೆ: ಉಳುವುದಕ್ಕೆ ಬಾರದ ಕಲ್ಲುನೆಲವನ್ನು ಕಂದಾಯದ ದಾಖಲೆಗಳು ಖರಾಬಿನ ಲೆಕ್ಕಕ್ಕೆ ಸೇರಿಸಿ ಕೈತೊಳೆದುಕೊಳ್ಳುತ್ತವೆ, ಮುಂದೆ ಯಾರಾದರೂ ಅದನ್ನು ಒಡೆಯುವ ಅನುಮತಿ ಕೇಳಿದಾಗ ಮಾತ್ರ ಆ ನೆಲಕ್ಕೆ ಒಂದು ಗಣನೆ ಪ್ರಾಪ್ತವಾಗುತ್ತದೆ. ಈ ಮತ ಅಲ್ಲಲ್ಲಿ ತಿದ್ದಿ ಸರಿಪಡಿಸಬಹುದಾದದ್ದಲ್ಲ, ಬುಡದಲ್ಲಿಯೇ ಸುಳ್ಳಾದದ್ದು ಎಂಬುದು ನನ್ನ ದೃಢವಾದ ನಂಬಿಕೆ; ಅದನ್ನು ಸಾಧಿಸಿ ತೋರಿಸುವುದಕ್ಕಾಗಿಯೇ ಈ ಬರಹ.

ಕಲ್ಲೆಂಬುದು ಒಂದು ದ್ರವ್ಯ, ಅದರ ಗುಣವೆಲ್ಲ ಅದರ ತೂಕ, ಗಟ್ಟಿತನ, ಬಣ್ಣಗಳಲ್ಲಿ ಅಡಗಿದೆ, ಆದುದರಿಂದ ಅದನ್ನು ಎಲ್ಲಿಗೆ ಒಯ್ದರೂ ಅದು ಅದೇ ಕಲ್ಲು ಎಂಬ ಭಾವನೆಯೇ ಪ್ರಚಲಿತ ಮತದ ಅಡಿಗಲ್ಲು. ಭೂಗರ್ಭಶಾಸ್ತ್ರವು ಕಲಿಸುವ ಮೊದಲನೆಯ ಪಾಠ ಇದಕ್ಕೆ ನೇರ ವಿರುದ್ಧವಾದುದು. ಶಿಲೆಯು ತನ್ನ ಚರಿತ್ರೆಯನ್ನು ತನ್ನ ದ್ರವ್ಯದಿಂದ ಅರ್ಧ ಹೇಳುತ್ತದೆ, ತಾನಿರುವ ನೆಲೆಯಿಂದ ಉಳಿದರ್ಧ ಹೇಳುತ್ತದೆ. ಅದು ಯಾವುದರ ಮೇಲೆ ಕುಳಿತಿದೆ, ಅದರ ಮೇಲೆ ಯಾವುದು ಕುಳಿತಿದೆ, ಯಾವ ಶಿಲೆಯನ್ನು ಸೀಳಿಕೊಂಡು ಮೇಲಕ್ಕೆ ಬಂದಿದೆ, ಯಾವ ದಿಕ್ಕಿಗೆ ವಾಲಿದೆ, ಅದರ ಪದರಗಳು ಎಲ್ಲಿ ಮಡಿಚಿ ಎಲ್ಲಿ ಕಡಿದುಹೋಗಿವೆ ಎಂಬ ಪ್ರಶ್ನೆಗಳಿಗೆ ಉತ್ತರ ಇರುವುದು ಕಲ್ಲಿನೊಳಗಲ್ಲ, ಕಲ್ಲಿಗೂ ಅದರ ನೆರೆಹೊರೆಗೂ ನಡುವೆ ಇರುವ ಸಂಬಂಧದಲ್ಲಿ. ಕಿತ್ತ ಕ್ಷಣದಲ್ಲಿಯೇ ಈ ಸಂಬಂಧ ನಾಶವಾಗುತ್ತದೆ. ಪ್ರಯೋಗಶಾಲೆಯ ಯಾವ ಯಂತ್ರವೂ ಅದನ್ನು ಮರಳಿ ಕಟ್ಟಿಕೊಡಲಾರದು.

ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ಬಳಿ ಇರುವ ಲಾವಾ ಶಿಲೆಯನ್ನು ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದ ಅಗತ್ಯವೇ ಇಲ್ಲ. ಹಸುರು ಮಿಶ್ರವಾದ ಕಪ್ಪುಬಣ್ಣದ ಆ ಕಲ್ಲಿನ ಮೈ ದುಂಡುದುಂಡಾದ ಆಕೃತಿಗಳಿಂದ ತುಂಬಿದೆ. ಒಂದರ ಮೇಲೊಂದು, ಒಂದಕ್ಕೊಂದು ಒತ್ತಿಕೊಂಡು, ನಡುವೆ ಸಂದಿಯೇ ಉಳಿಯದಂತೆ ಅವು ಜೋಡಿಸಲ್ಪಟ್ಟಿವೆ. ಹತ್ತಿರ ಹೋಗಿ ಒಂದನ್ನು ನೋಡಿದರೆ, ಅದರ ಅಂಚಿನ ಸುತ್ತಲೂ ಒಳಭಾಗಕ್ಕಿಂತ ನುಣುಪಾದ, ಕಣಗಳು ಕಣ್ಣಿಗೇ ಕಾಣದಷ್ಟು ಸೂಕ್ಷ್ಮವಾದ ಒಂದು ತೆಳುವಾದ ಪಟ್ಟಿ ಇರುತ್ತದೆ. ಕುದಿಯುವ ಲಾವಾ ನೀರಿನೊಳಗೆ ಹೊರಬಿದ್ದಾಗ ಅದರ ಹೊರಚರ್ಮ ತಟ್ಟನೆ ತಣಿದು ಗಾಜಿನಂತಾಗಿ, ಒಳಗಿನ ದ್ರವ ಇನ್ನೂ ಹರಿಯುತ್ತಲೇ ಇದ್ದುದರಿಂದ ಆ ಚರ್ಮ ಬಿರಿದು, ಬಿರಿದಲ್ಲಿ ಹೊಸದೊಂದು ದಿಂಬು ಉಬ್ಬಿ, ಅದೂ ತಣಿದು, ಅದರಿಂದ ಮತ್ತೊಂದು ಮೊಳೆತು, ಹೀಗೆ ರಾಶಿ ಬೆಳೆದಿದೆ. ಆದುದರಿಂದ ಇಂದು ಸೀಮೆಜಾಲಿಯೂ ಕುರಿಮಂದೆಯೂ ಇರುವ ಆ ಬಯಲುಸೀಮೆಯಲ್ಲಿ, 250 ಕೋಟಿ ವರ್ಷಗಳಿಗೂ ಹಿಂದೆ, ನೀರು ನಿಂತಿದ್ದಿತು ಎಂಬುದು ನಿಸ್ಸಂದೇಹ. ಇಷ್ಟನ್ನು ಕಿತ್ತ ಕಲ್ಲಿನಿಂದಲೂ ತಿಳಿಯಬಹುದೆಂದು ಎದುರಾಳಿ ಹೇಳಿದರೆ ಒಪ್ಪಿಕೊಳ್ಳೋಣ. ಇನ್ನಷ್ಟು ನೋಡಿದವನಿಗೆ ಬೇರೆಯದೇ ತೋರುತ್ತದೆ: ಪ್ರತಿಯೊಂದು ದಿಂಬಿನ ಒಂದು ಬದಿ ಕಮಾನಿನಂತೆ ಉಬ್ಬಿರುತ್ತದೆ, ಇನ್ನೊಂದು ಬದಿ ಕೆಳಗಿನ ಎರಡು ದಿಂಬುಗಳ ನಡುವಣ ಇರುಕಿಗೆ ಇಳಿದು ಬಾಲದಂತೆ ಚೂಪಾಗಿರುತ್ತದೆ. ಉಬ್ಬಿದ ಕಡೆ ಅಂದಿನ ಮೇಲು, ಬಾಲವಿರುವ ಕಡೆ ಅಂದಿನ ಕೆಳಗು. ಈ ಲಾವಾ ಸೇರಿರುವ ಧಾರವಾಡ ಶಿಲಾಸಮೂಹದ ಪದರಗಳು ಅನೇಕ ಸಲ ಮಡಿಚಿ, ನೆಟ್ಟಗೆ ನಿಂತು, ಕೆಲವೆಡೆ ಬೋರಲೂ ಆಗಿರುವುದರಿಂದ, ಅವುಗಳಲ್ಲಿ ಹಿರಿಯದು ಯಾವುದು ಕಿರಿಯದು ಯಾವುದು ಎಂಬುದನ್ನು ನಿರ್ಣಯಿಸುವುದಕ್ಕೆ ಈ ಬಾಲದ ದಿಕ್ಕಿನಷ್ಟು ನಂಬಿಕೆಗೆ ಯೋಗ್ಯವಾದ ಸಾಕ್ಷ್ಯಗಳು ಕೆಲವೇ ಕೆಲವು. ಒಂದು ದಿಂಬನ್ನು ಹಾರೆಯಿಂದ ಎಬ್ಬಿಸಿ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಮಖಮಲ್ಲಿನ ಮೇಲೆ ಇರಿಸಿದರೂ ಆ ಸಾಕ್ಷ್ಯ ಸತ್ತಂತೆಯೇ. ಕ್ರಷರಿಗೆ ಹಾಕಿದರೆ ಹೇಳುವುದೇ ಬೇಡ.

ಇದೇ ಮತಕ್ಕೆ ವಿದ್ಯಾವಂತರು ತೊಡಿಸಿರುವ ಮತ್ತೊಂದು ವೇಷವುಂಟು. ಗುಜರಾತಿನ ಬಾಲಾಸಿನೋರಿನಲ್ಲಿ ಡೈನೊಸಾರ್‌ಗಳ ಮೊಟ್ಟೆಗಳು ದೊರೆತಿವೆ, ತಮಿಳುನಾಡಿನ ಅರಿಯಲೂರಿನ ನೆಲದಲ್ಲಿ ಸಮುದ್ರಜೀವಿಗಳ ಚಿಪ್ಪುಗಳು ದೊರೆಯುತ್ತವೆ, ಶಿವಾಲಿಕ ಬೆಟ್ಟಗಳಲ್ಲಿ ಪ್ರಾಚೀನ ಗಜಗಳ ಮೂಳೆಗಳು ದೊರೆತಿವೆ. ಕರ್ನಾಟಕದಲ್ಲಿ ಇಂಥದು ಏನಿದೆ, ಹಿಮಾಲಯದಂಥ ಶಿಖರವಿಲ್ಲ, ಹೊಗೆಯುಗುಳುವ ಪರ್ವತವಿಲ್ಲ, ಪಳೆಯುಳಿಕೆಗಳಿಲ್ಲದ ಮೂಕ ಕಲ್ಲಿನ ನಾಡು ಇದು, ಇಂಥ ಕಲ್ಲನ್ನು ಒಡೆದರೆ ನಷ್ಟವಾದರೂ ಏನು, ಎಂದು ಅವರು ಕೇಳುತ್ತಾರೆ. ಮೂಳೆಯೂ ಚಿಪ್ಪೂ ಇರುವ ಜೀವಿಗಳು ಭೂಮಿಯ ಮೇಲೆ ಹೇರಳವಾಗಿ ಕಾಣಿಸಿಕೊಂಡದ್ದು ಸುಮಾರು 54 ಕೋಟಿ ವರ್ಷಗಳಿಂದೀಚೆಗೆ. ನಮ್ಮ ನಾಡಿನ ಬಹುಭಾಗದ ಶಿಲೆಗಳು ಅದರ ನಾಲ್ಕೈದು ಪಾಲು ಹಿಂದಿನವು. ಹಾಸನ ಜಿಲ್ಲೆಯ ಗೊರೂರಿನ ಬಳಿಯ ನೈಸ್ ಶಿಲೆಗೆ 330 ಕೋಟಿ ವರ್ಷಗಳಿಗಿಂತ ಹೆಚ್ಚಿನ ವಯಸ್ಸಾಗಿದೆ. ನೆಲದ ಮೇಲೆ ಒಂದು ಹುಲ್ಲೆಸಳೂ, ನೀರಿನಲ್ಲಿ ಒಂದು ಮೀನೂ ಇಲ್ಲದಿದ್ದ ಕಾಲದ ಕಲ್ಲಿನಲ್ಲಿ ಮೂಳೆಯನ್ನು ಹುಡುಕುವುದೇ ಪ್ರಶ್ನೆಯನ್ನು ತಪ್ಪಾಗಿ ಕೇಳಿದಂತೆ.

ಆ ಕಾಲದ ಜೀವವನ್ನು ಅದರದೇ ಗುರುತಿನಿಂದ ಹುಡುಕಬೇಕು. ಹುಡುಕಿದವರಿಗೆ ಅದು ದೊರೆತೂ ಇದೆ. ವೇದಾವತಿಗೆ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ಅಣೆಕಟ್ಟಿನ ಸೀಮೆಯಲ್ಲಿಯೂ, ಶಿವಮೊಗ್ಗದ ಕುಂಸಿಯ ಬಳಿಯಲ್ಲಿಯೂ, ಧಾರವಾಡ ಸಮೂಹದ ಸುಣ್ಣಕಲ್ಲಿನಲ್ಲಿ ಸ್ಟ್ರೊಮ್ಯಾಟೊಲೈಟ್ ಎಂಬ ರಚನೆಗಳಿವೆ. ಗಾಳಿಮಳೆಗೆ ಸವೆದ ಬೂದುಬಣ್ಣದ ಮೈಯಲ್ಲಿ ಕೂದಲೆಳೆಯಷ್ಟು ತೆಳುವಾದ ರೇಖೆಗಳು, ಅಡ್ಡಲಾಗಿ ಕೊಯ್ದ ಈರುಳ್ಳಿಯ ಪದರಗಳಂತೆ ಒಂದನ್ನೊಂದು ಆವರಿಸಿಕೊಂಡು, ಎಲ್ಲವೂ ಒಂದೇ ಕಡೆಗೆ ಬಾಗಿ ಉಬ್ಬಿರುತ್ತವೆ. ಕಣ್ಣಿಗೆ ಕಾಣದಷ್ಟು ಅಲ್ಪವಾದ ಜೀವಿಗಳು ಆಳವಿಲ್ಲದ ಸಮುದ್ರದ ತಳದಲ್ಲಿ ಲೋಳೆಯ ಚಾಪೆ ಹಾಸಿದವು. ಅಲೆ ತಂದ ಸಣ್ಣ ಹೂಳು ಅದಕ್ಕೆ ಅಂಟಿತು, ಸುಣ್ಣ ಕಟ್ಟಿತು. ಬೆಳಕು ತಪ್ಪದಿರಲೆಂದು ಅವು ಹೂಳಿನ ಮೇಲಕ್ಕೆ ಬಂದು ಹೊಸ ಚಾಪೆ ಹಾಸಿದವು. ಒಂದೊಂದು ರೇಖೆಯೂ ಹಾಗೆ ಮೇಲೇರಿದ ಒಂದೊಂದು ಹೆಜ್ಜೆ. ಸುಮಾರು 260 ಕೋಟಿ ವರ್ಷಗಳ ಹಿಂದಿನ ಆ ಉಬ್ಬಿದ ಬದಿ ಅಂದಿನ ಸೂರ್ಯನ ಕಡೆಗಿದ್ದ ಬದಿ. ನಾವಿಂದು ಉಸಿರಾಡುವ ಆಮ್ಲಜನಕವನ್ನು ವಾಯುಮಂಡಲಕ್ಕೆ ಮೊದಲು ಬಿಡಲು ತೊಡಗಿದ್ದು ಇಂಥ ಜೀವಿಗಳೇ. ಬಾಬಾಬುಡನ್ ಗಿರಿ, ಕುದುರೆಮುಖ, ಸಂಡೂರುಗಳಲ್ಲಿ ಪಟ್ಟೆಪಟ್ಟೆಯಾಗಿ ನಿಂತಿರುವ ಕಬ್ಬಿಣದ ಶಿಲೆಗಳು, ಸಮುದ್ರಜಲದಲ್ಲಿ ಕರಗಿದ್ದ ಕಬ್ಬಿಣವು ಆಮ್ಲಜನಕದೊಡನೆ ಕೂಡಿ ತಳಕ್ಕಿಳಿದುದರಿಂದ ಆದವೆಂದು ಬಹುಮಂದಿ ಶಾಸ್ತ್ರಜ್ಞರು ಬಗೆಯುತ್ತಾರೆ. ಡೈನೊಸಾರಿನ ಮೊಟ್ಟೆ ನೋಡತಕ್ಕ ವಸ್ತು ನಿಜ. ಆದರೆ ಡೈನೊಸಾರಿಗೂ ನಮಗೂ ಉಸಿರು ಕೊಟ್ಟ ವಂಶದ ಗುರುತು ನಮ್ಮ ಊರಹೊರಗೆ ಇರುವಾಗ, ನಮ್ಮದು ಪಳೆಯುಳಿಕೆಗಳಿಲ್ಲದ ನಾಡು ಎಂದು ತಲೆತಗ್ಗಿಸುವುದಕ್ಕಿಂತ ದೊಡ್ಡ ಅಜ್ಞಾನ ಯಾವುದಿದ್ದೀತು? ಸುಣ್ಣಕಲ್ಲು ಸಿಮೆಂಟಿಗೂ ಕಬ್ಬಿಣದ ಕುಲುಮೆಗೂ ಬೇಕಾದ ಸರಕು. ಆ ರೇಖೆಗಳನ್ನು ಓದಲಾರದವನ ಕಣ್ಣಿಗೆ ಅದು ಸರಕಲ್ಲದೆ ಬೇರೇನೂ ಅಲ್ಲ.

ನಮ್ಮ ವಿಜ್ಞಾನದ ಚರಿತ್ರೆಯೂ ಇದೇ ಮಾತನ್ನು ಹೇಳುತ್ತದೆ. ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆ 1894ರಲ್ಲಿ ರಾಬರ್ಟ್ ಬ್ರೂಸ್ ಫೂಟರ ನೇತೃತ್ವದಲ್ಲಿ ಸ್ಥಾಪಿತವಾದ ಮೇಲೆ, ಅದರ ಅಧಿಕಾರವನ್ನು ಮುಂದೆ ವಹಿಸಿಕೊಂಡ ಸ್ಮೀತರು ಧಾರವಾಡ ಶಿಲೆಗಳೆಲ್ಲವೂ ಅಗ್ನಿಜನ್ಯವೆಂದೂ, ಅವುಗಳ ನಡುವೆ ಉಂಡೆಗಲ್ಲುಗಳಿಂದ ಕೂಡಿದಂತೆ ತೋರುವ ಶಿಲೆಗಳು ನದಿಯ ಜಲ್ಲಿಯಲ್ಲ, ನೆಲದೊಳಗಿನ ಒತ್ತಡದಿಂದ ಪುಡಿಯಾದ ಕಲ್ಲುಗಳೆಂದೂ ವಾದಿಸಿದರು. ವಿದ್ವಾಂಸರೂ ಪ್ರಭಾವಶಾಲಿಗಳೂ ಆಗಿದ್ದ ಅವರ ಮಾತು ಬಹುಕಾಲ ನಡೆಯಿತು. ಅದು ಬಿದ್ದುಹೋದದ್ದು ತರ್ಕದಿಂದಲ್ಲ. ಬಿ. ರಾಮರಾವ್, ಸಿ. ಎಸ್. ಪಿಚ್ಚಮುತ್ತು ಮೊದಲಾದವರು ಬಿಸಿಲಿನಲ್ಲಿ ಗುಡ್ಡಗಳನ್ನು ಸುತ್ತಿ, ಹಳೆಯ ನೀರಿನ ಅಲೆಗಳು ಕೆಸರಿನ ಮೇಲೆ ಬಿಟ್ಟ ಏರಿಳಿತಗಳನ್ನೂ, ಪ್ರವಾಹವು ಮರಳನ್ನು ಓರೆಯಾಗಿ ಹಾಕಿದ ಪದರಗಳನ್ನೂ ಕಲ್ಲಿನ ಮೈಯಲ್ಲಿ ಇದ್ದಂತೆಯೇ ತೋರಿಸಿದರು. ತೋರಿಸಿದ ಮೇಲೆ ವಾದಕ್ಕೆ ಎಡೆ ಉಳಿಯಲಿಲ್ಲ. ಆ ಗುಡ್ಡಗಳು ಅಷ್ಟರೊಳಗೆ ರಸ್ತೆಗೆ ಹೋಗಿಬಿಟ್ಟಿದ್ದರೆ, ಒಬ್ಬ ಅಧಿಕಾರಿಯ ಅಭಿಪ್ರಾಯವೇ ನಮ್ಮ ನಾಡಿನ ಚರಿತ್ರೆಯಾಗಿ ನಿಂತುಬಿಡುತ್ತಿತ್ತು.

ಎದುರುಪಕ್ಷಕ್ಕೂ ಒಂದು ಬಲವಾದ ವಾದವುಂಟು. ಅದನ್ನು ಬಚ್ಚಿಡುವುದು ನ್ಯಾಯವಲ್ಲ. ಗಣಿಯೂ ಕಲ್ಲಿನ ಕ್ವಾರಿಯೂ ಇಲ್ಲದಿದ್ದರೆ ಭೂಗರ್ಭಶಾಸ್ತ್ರವೇ ಇರುತ್ತಿರಲಿಲ್ಲ, ಮಣ್ಣೂ ಪಾಚಿಯೂ ಮುಚ್ಚಿದ ಬಂಡೆಯ ಒಳಗನ್ನು ತೆರೆದು ತೋರಿಸಿದ್ದು ಕಲ್ಲೊಡೆಯುವವನ ಉಳಿಯೇ, ಎಂದು ಅವರು ಹೇಳುತ್ತಾರೆ. ನಿಜ. ಇದಕ್ಕೆ ಕಬ್ಬಾಳದುರ್ಗಕ್ಕಿಂತ ಒಳ್ಳೆಯ ಉದಾಹರಣೆ ಅವರಿಗೂ ಸಿಕ್ಕಲಾರದು. ಕನಕಪುರದ ಕಡೆಯ ಆ ಬೆಟ್ಟದ ಬುಡದಲ್ಲಿ ಕಲ್ಲು ತೆಗೆದಿದ್ದ ಸ್ಥಳದಲ್ಲಿ, ಬೂದುಬಣ್ಣದ ಪಟ್ಟೆಪಟ್ಟೆ ನೈಸ್ ಶಿಲೆಯನ್ನು ಅಲ್ಲಲ್ಲಿ ಎಣ್ಣೆ ಹಚ್ಚಿದಂತೆ ಮಿರುಗುವ ಕಪ್ಪುಹಸುರು ಮಚ್ಚೆಗಳು ಆಕ್ರಮಿಸಿವೆ. ಮಚ್ಚೆಯ ಅಂಚಿನಲ್ಲಿ ನೈಸಿನ ಪಟ್ಟೆಗಳು ಮಸುಕಾಗುತ್ತ ಒಳಗೆ ಹೋಗಿ ಕರಗಿಬಿಡುತ್ತವೆ. ಒಂದು ಶಿಲೆ ಇನ್ನೊಂದು ಶಿಲೆಯಾಗಿ, ಚಾರ್ನೊಕೈಟ್ ಆಗಿ, ಮಾರ್ಪಡುತ್ತಿದ್ದಾಗ ಅರ್ಧದಲ್ಲಿ ನಿಂತುಹೋದ ದೃಶ್ಯ ಅದು. ಪಿಚ್ಚಮುತ್ತು ಅವರು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದನ್ನು ವರ್ಣಿಸಿದ ಮೇಲೆ ದೇಶದೇಶಗಳ ಶಿಲಾಶಾಸ್ತ್ರಜ್ಞರು ಆ ಹಳ್ಳಿಯ ದಾರಿ ಹಿಡಿದರು. ಈ ಶಿಲೆಗೆ ಹೆಸರು ಬಂದದ್ದೂ ನೆನೆಯತಕ್ಕ ವಿಷಯ. ಕಲ್ಕತ್ತೆಯಲ್ಲಿ ಜಾಬ್ ಚಾರ್ನಕನ ಗೋರಿಗೆ ಹೊದಿಸಿದ್ದ ಚಪ್ಪಡಿಯನ್ನು ನೋಡಿ ಹಾಲೆಂಡ್ ಎಂಬ ಭೂಗರ್ಭಶಾಸ್ತ್ರಜ್ಞರು ಆ ಹೆಸರನ್ನಿಟ್ಟರು. ಆದರೆ ನೆಲೆಯಿಂದ ದೂರ ಬಂದಿದ್ದ ಆ ಚಪ್ಪಡಿ ಹೆಸರೊಂದನ್ನಲ್ಲದೆ ಬೇರೇನನ್ನೂ ಕೊಡಲಿಲ್ಲ. ಕಲ್ಲನ್ನು ಅರಿಯುವುದಕ್ಕೆ ಅವರು ಮದರಾಸಿನ ಬಳಿಯ ಪಲ್ಲಾವರಕ್ಕೆ ಬರಬೇಕಾಯಿತು, ಅದು ಹುಟ್ಟಿದ ಬಗೆಯನ್ನು ಅರಿಯುವುದಕ್ಕೆ ಲೋಕವೇ ಕಬ್ಬಾಳದುರ್ಗಕ್ಕೆ ಬರಬೇಕಾಯಿತು. ಉಳಿ ತೆರೆದು ತೋರಿಸಿದ್ದಕ್ಕೆ ಕೃತಜ್ಞರಾಗಿರೋಣ. ಆದರೆ ತೆರೆದು ತೋರಿಸಿದ ಮೇಲೂ ನಿಲ್ಲದ ಉಳಿ, ತಾನು ತೋರಿಸಿದ್ದನ್ನೇ ಮರುವರ್ಷ ಹೊತ್ತುಕೊಂಡು ಹೋಗುತ್ತದೆ. ಕ್ವಾರಿಯಿಂದ ವಿದ್ಯೆಗೆ ಉಪಕಾರವಾಗುವುದು ಅದು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಾಗ ಮಾತ್ರ. ನಿಲ್ಲಿಸುವ ವಿವೇಕವನ್ನು ಈ ವಾದ ಹೂಡುವವರಲ್ಲಿ ನಾನು ಕಂಡಿಲ್ಲ.

ಕಲ್ಲಿಗೇನು ಬರ ಎಂಬುದು ಮತ್ತೊಂದು ಮಾತು. ದ್ರವ್ಯದ ಲೆಕ್ಕದಲ್ಲಿ ಬರವಿಲ್ಲ, ಒಪ್ಪಿದೆ. ನೈಸ್ ಶಿಲೆ ನಮ್ಮ ನಾಡಿನ ಬಹುಭಾಗದಲ್ಲಿ ಹರಡಿದೆ, ರಾಮನಗರದ ಹಳೆಯ ಹೆಸರನ್ನು ಹೊತ್ತ ಕ್ಲೋಸ್‌ಪೇಟ್ ಗ್ರಾನೈಟ್ ಕಬ್ಬಾಳದುರ್ಗದ ಕಡೆಯಿಂದ ಹಂಪೆಯ ಕಡೆಗೆ ನೂರಾರು ಮೈಲಿ ಚಾಚಿದೆ. ಸಾಕ್ಷ್ಯದ ಲೆಕ್ಕದಲ್ಲಿ ಬರವೇ ಬರ. ಹಂಪೆಯ ಬಂಡೆಗಳ ರಾಶಿಗಳನ್ನು ನೋಡಿದವರು ಇವನ್ನು ಯಾರೋ ಎತ್ತಿ ಪೇರಿಸಿರಬೇಕೆಂದು ಬೆರಗಾಗುತ್ತಾರೆ. ಆಳದಲ್ಲಿ ತಣಿದ ಗ್ರಾನೈಟ್ ಚೌಕಚೌಕವಾಗಿ ಬಿರುಕುಬಿಟ್ಟು, ಆ ಬಿರುಕುಗಳಲ್ಲಿ ಇಳಿದ ನೀರು ಮಣ್ಣಿನ ಒಳಗೇ ಮೂಲೆಗಳನ್ನು ತಿಂದು ಗುಂಡಾಗಿಸಿ, ಬಳಿಕ ಮೇಲಿನ ಮಣ್ಣು ಕೊಚ್ಚಿಹೋದಾಗ ಗುಂಡುಗಳು ಇದ್ದ ಹಾಗೆಯೇ ಒಂದರ ಮೇಲೊಂದು ಉಳಿದವು ಎಂದು ತಿಳಿದಾಗ ಬೆರಗು ಕಡಮೆಯಾಗುವುದಿಲ್ಲ, ಇಮ್ಮಡಿಯಾಗುತ್ತದೆ. ಯಾವ ಬಂಡೆಯ ಯಾವ ಮೂಲೆ ಯಾವ ಬಂಡೆಯ ಮೇಲೆ ಕುಳಿತಿದೆ ಎಂಬುದೇ ಇಲ್ಲಿಯ ಕಥೆ. ನಡುವಣ ಒಂದನ್ನು ತೆಗೆದರೆ ಕಥೆ ಕೆಟ್ಟಿತು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಕಂಬವಾದ ಶಿಲೆಗಳನ್ನು ಪ್ರವಾಸಿಗಳಿಗೆ ಬಸಾಲ್ಟ್ ಎಂದು ಪರಿಚಯಿಸುವುದು ವಾಡಿಕೆಯಾಗಿದೆ. ಅವು ಸಿಲಿಕಾಂಶ ಹೆಚ್ಚಾಗಿರುವ ಬೇರೆ ಜಾತಿಯ ಲಾವಾ, ಭಾರತವೂ ಮಡಗಾಸ್ಕರವೂ ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಗುರುತು. ಬಳ್ಳಾರಿಯ ಬಳಿ ಸಂಗನಕಲ್ಲು–ಕುಪ್ಗಲ್ಲುಗಳ ಬೆಟ್ಟಗಳಲ್ಲಿ ಡಾಲರೈಟ್ ಶಿಲೆಯ ಗೋಡೆಯೊಂದು ಬೆಟ್ಟವನ್ನು ಸೀಳಿಕೊಂಡು ಏರಿದೆ. ನವಶಿಲಾಯುಗದ ಜನ ಅದರಿಂದ ಕೊಡಲಿಗಳನ್ನು ಮಾಡಿದರು, ಅದರ ಗುಂಡುಗಳ ಮೇಲೆ ಎತ್ತುಗಳ ಚಿತ್ರಗಳನ್ನು ಕುಟ್ಟಿ ಬರೆದರು, ಕೆಲವು ಗುಂಡುಗಳನ್ನು ಬಡಿದರೆ ಇಂದಿಗೂ ಗಂಟೆಯ ನಾದ ಹೊಮ್ಮುತ್ತದೆ. ಅಂಥ ಸ್ಥಳದ ಮಗ್ಗುಲಿಗೇ ಕಲ್ಲು ಒಡೆಯುವ ಕೆಲಸ ಬಂದು ತಾಗಿದೆ. ಇದಕ್ಕೆ ಬದಲು ಯಾವ ಬೆಟ್ಟವನ್ನು ಕೊಡುತ್ತೀರಿ?

ಸಂಪ್ರದಾಯವನ್ನೂ ಸಾಕ್ಷಿಗೆ ಕರೆಯುವವರಿದ್ದಾರೆ. ನಮ್ಮ ಪೂರ್ವಿಕರು ಕಲ್ಲನ್ನು ಕಡಿದೇ ಅಲ್ಲವೆ ಹೆಸರು ಗಳಿಸಿದ್ದು ಎಂದು ಅವರ ವಾದ. ಬಳಪದ ಕಲ್ಲನ್ನು ತಂದು ಬೇಲೂರು ಹಳೇಬೀಡುಗಳನ್ನು ಕಟ್ಟಿದವರ ಕೀರ್ತಿಗೆ ನಾನು ಕುಂದು ತರಲಾರೆ. ಆದರೆ ಅದೇ ಪೂರ್ವಿಕರು ಶ್ರವಣಬೆಳಗೊಳದಲ್ಲಿ, ಹತ್ತನೆಯ ಶತಮಾನದ ಕೊನೆಯಲ್ಲಿ, ಬೆಟ್ಟದ ನೆತ್ತಿಯ ಬಂಡೆಯನ್ನು ಕದಲಿಸದೆ ಅಲ್ಲಿಯೇ ಗೊಮ್ಮಟನನ್ನು ಬಿಡಿಸಿದರು. ಚಾಮುಂಡಿ ಬೆಟ್ಟದ ನಂದಿಯೂ ಇದ್ದಲ್ಲಿಯೇ ಕಡೆದದ್ದು. ಬಾದಾಮಿಯ ಗುಹೆಗಳು ಮರಳುಗಲ್ಲಿನ ಬೆಟ್ಟದ ಒಡಲಿನಲ್ಲಿಯೇ ಇವೆ; 578ರ ಶಾಸನವಿರುವ ಮೂರನೆಯ ಗುಹೆಯನ್ನು ನೋಡಲು ಹೋದವನು ಅದರ ಹೊರಗಿನ ಬಂಡೆಯನ್ನೂ ನೋಡಿದರೆ, ಚಾಲುಕ್ಯರಿಗಿಂತ ಕೋಟ್ಯಂತರ ವರ್ಷ ಮೊದಲು ಹರಿದ ನೀರು ಮರಳನ್ನು ಓರೆಯಾಗಿ ಸುರಿದ ಗೆರೆಗಳನ್ನು ಕಂಡಾನು. ಅಶೋಕನ ಹೆಸರನ್ನೇ ಹೇಳುವ ಮಸ್ಕಿಯ ಶಾಸನ ನೆಲಕ್ಕೆ ಅಂಟಿದ ಬಂಡೆಯ ಮೇಲೆ ಉಳಿದದ್ದರಿಂದಲೇ 1915ರಲ್ಲಿ ಚಿನ್ನ ಹುಡುಕಲು ಬಂದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಬಿದ್ದಿತು.

ಸಂರಕ್ಷಣೆಯ ಏರ್ಪಾಡೇ ಇಲ್ಲವೆಂದಲ್ಲ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯನ್ನೂ, ಮರಡಿಹಳ್ಳಿಯ ಲಾವಾವನ್ನೂ, ಸೇಂಟ್ ಮೇರೀಸ್ ದ್ವೀಪವನ್ನೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಘೋಷಿಸಿದೆ. ಲಾಲ್‌ಬಾಗಿನ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ; ಫಲಕವೂ ಅಲ್ಲಿದೆ. ಆದರೆ ಸಂಜೆ ಅದನ್ನು ಹತ್ತುವವರು ನೋಡುವುದು ಅದರ ಮೇಲಿನ ಕೆಂಪೇಗೌಡರ ಗೋಪುರವನ್ನೂ ಎದುರಿಗೆ ಹರಡಿದ ಊರನ್ನೂ. ಕಾಲಡಿಯಲ್ಲಿ ಬಿಳಿ ಕಪ್ಪು ಪಟ್ಟೆಗಳು ಬಳುಕಿ ಹೊರಳಿರುವುದನ್ನು ಬಾಗಿ ನೋಡಿ ಎಂದು ಯಾವ ಶಾಲೆಯೂ ಅವರಿಗೆ ಹೇಳಿಕೊಟ್ಟಿಲ್ಲ. ಘೋಷಣೆಗೆ ಫಲಕದ ಬಲವೇ ಹೊರತು ಶಾಸನದ ಬಲ ಸಾಲದು. ಪ್ರಾಚೀನ ಸ್ಮಾರಕಗಳಿಗೆ 1958ರ ಕಾಯಿದೆಯುಂಟು. ಸಂರಕ್ಷಿತವೆಂದು ಸಾರಿದ ಕಟ್ಟಡದ ಸುತ್ತ ಗುದ್ದಲಿ ಹಾಕುವುದಕ್ಕೂ ಅಪ್ಪಣೆ ಬೇಕು. ಭೂಪರಂಪರೆಯ ಸ್ಥಳಗಳಿಗಾಗಿ ಮಸೂದೆಯ ಕರಡೊಂದು ಪ್ರಕಟವಾದದ್ದು 2022ರಲ್ಲಿ. ಮನುಷ್ಯನ ಕೈ ತಾಗಿದ ಕಲ್ಲಿಗೆ ಕಾನೂನು, ಅದಕ್ಕಿಂತ ಲಕ್ಷಾಂತರ ಪಾಲು ಹಳೆಯದಾದ ಕಲ್ಲಿಗೆ ಖರಾಬು: ನಾನು ಖಂಡಿಸುವ ಮತದ ಫಲ ಇದೇ. ಮರಡಿಹಳ್ಳಿ, ಕುಂಸಿ, ಮಾರಿಕಣಿವೆ, ಕಬ್ಬಾಳದುರ್ಗಗಳಲ್ಲಿ ಉಳಿಸಬೇಕಾದ ನೆಲ ನಾಡಿನ ವಿಸ್ತಾರದಲ್ಲಿ ಲೆಕ್ಕಕ್ಕೂ ಸಿಗದಷ್ಟು ಅಲ್ಪ. ಅಷ್ಟಕ್ಕೆ ಪ್ರತ್ಯೇಕ ಸರ್ವೆ ನಂಬರು ಕೊಟ್ಟು, ಗಡಿಕಲ್ಲು ನೆಟ್ಟು, ಪಹಣಿಯಲ್ಲಿ ಕಾರಣಸಹಿತ ನಮೂದಿಸುವುದಕ್ಕೆ ಯಾವ ಕೈಗಾರಿಕೆ ಮುಳುಗಿಹೋಗುತ್ತದೆ? ಭದ್ರಾವತಿಯ ಕುಲುಮೆಗೆ ಕೆಮ್ಮಣ್ಣುಗುಂಡಿಯ ಅದಿರು ಬೇಕಾಗಿದ್ದಿತು, ಅದನ್ನು ತೆಗೆದದ್ದು ತಪ್ಪೆಂದು ನಾನು ಹೇಳಲಿಲ್ಲ. ನಾಡು ಮನೆ ಕಟ್ಟಬಾರದು, ರಸ್ತೆ ಹಾಕಬಾರದು ಎಂದೂ ಹೇಳಲಿಲ್ಲ.

ಕೊನೆಗೆ ಉಳಿಯುವುದು ಬಡವರ ಅನ್ನದ ಪ್ರಶ್ನೆ. ಬೇರೆಲ್ಲ ವಾದ ಮುಗಿದ ಮೇಲೆ ಕ್ವಾರಿಯ ಒಡೆಯರು ಎತ್ತುವುದು ಇದನ್ನೇ. ತಲೆಮಾರುಗಳಿಂದ ಕಲ್ಲಿನಲ್ಲಿ ಬದುಕಿದ ಕಲ್ಲುಕುಟಿಗನು ಬಂಡೆಯನ್ನು ಬಡಿದು, ಕಿವಿಗೊಟ್ಟು, ಟೊಳ್ಳು ದನಿ ಬಂದಲ್ಲಿ ಸೌದೆ ಒಟ್ಟಿ ಬೆಂಕಿ ಹಾಕಿ, ಕಾವಿಗೆ ಎದ್ದ ಹಾಸನ್ನು ಉಳಿಯ ಸಾಲಿನಿಂದ ಬೇಕಾದ ಅಳತೆಗೆ ಸೀಳುತ್ತಾನೆ. ಬಂಡೆ ಯಾವ ಕಡೆಗೆ ಸೀಳುತ್ತದೆ, ಯಾವ ಕಡೆಗೆ ಸೀಳುವುದಿಲ್ಲ ಎಂಬುದನ್ನು ಅವನಷ್ಟು ಬಲ್ಲವರು ವಿಶ್ವವಿದ್ಯಾಲಯದಲ್ಲಿಯೂ ವಿರಳ. ಅವನ ಅನ್ನವನ್ನು ಕಿತ್ತುಕೊಂಡದ್ದು ಸ್ಟ್ರೊಮ್ಯಾಟೊಲೈಟನ್ನು ಉಳಿಸಬೇಕೆಂದವರಲ್ಲ. ಸಿಡಿಮದ್ದೂ ಕ್ರಷರೂ ಅವನ ವಿದ್ಯೆಯನ್ನೇ ಬೇಡವಾಗಿಸಿ, ಅವನನ್ನು ಧೂಳು ಕುಡಿಯುವ ಕೂಲಿಯನ್ನಾಗಿ ಮಾಡಿದುವು. ಮರಡಿಹಳ್ಳಿಯಂಥ ಕಡೆ ಕಾವಲಿಗೆ ಒಬ್ಬ ಆಳು ಬೇಕು, ಬಂದ ಮಕ್ಕಳಿಗೆ ದಿಂಬಿನ ಬಾಲ ಯಾವ ಕಡೆಗಿದೆಯೆಂದು ಬೆರಳಿಟ್ಟು ತೋರಿಸುವವರು ಬೇಕು. ಸರ್ಕಾರ ಆ ಕೆಲಸಕ್ಕೆ ಸಂಬಳ ನಿಗದಿ ಮಾಡಲಿ. ಅದಕ್ಕೆ ಮೊದಲು ಕರೆಯಬೇಕಾದವನು ಆ ಊರಿನ ಕಲ್ಲುಕುಟಿಗನೇ.